ಜಾಜಾ ನೆಟ್ಟ ಕಂಬ

"ಇನ್ನೊಂದು ಸಲ ಎಣಿಸು" ಎಂದಳು ಅಮ್ಮ.

ಡೆಲ್ಲಾ ಆಗಲೇ ಮೂರು ಸಲ ಎಣಿಸಿದ್ದಳು. ನಾಲ್ಕನೆಯ ಸಲ ಎಣಿಸಿದರೆ ಮರಿಗಳು ಹೆಚ್ಚಾಗುತ್ತವೆಯೇ? ಆದರೂ ಅವಳು ಮರಳಿನ ಮೇಲೆ ಬೋರಲು ಮಲಗಿ, ಬೈನಾಕ್ಯುಲರನ್ನು ಕಣ್ಣಿಗೊತ್ತಿಕೊಂಡು, ನೀರಿನ ಅಂಚಿನಿಂದ ಹುಲ್ಲಿನ ದಿಬ್ಬದವರೆಗೆ ಒಂದೊಂದೇ ಕಲ್ಲನ್ನು ನೋಡುತ್ತ ಹೋದಳು.

"ಎರಡು" ಎಂದಳು. "ಎಷ್ಟು ಸಲ ಕೇಳಿದ್ರೂ ಎರಡೇ ಅಮ್ಮ."

ಅಮ್ಮ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ನಿನ್ನೆ ಅಲ್ಲಿ ಮೂರು ಎಂದು ಬರೆದಿತ್ತು. ಮೊನ್ನೆ ನಾಲ್ಕು.

ಪ್ಲೋವರ್ ಹಕ್ಕಿಯ ಮರಿ ಎಂದರೆ ಎರಡು ಕಡ್ಡಿಯ ಮೇಲೆ ನಿಲ್ಲಿಸಿದ ಹತ್ತಿಯ ಉಂಡೆ. ಹುಟ್ಟಿ ಹನ್ನೆರಡು ದಿನವಾಗಿತ್ತು. ಹಾರಲು ಇನ್ನೂ ಎರಡು ವಾರ ಬೇಕು. ಅಲ್ಲಿಯವರೆಗೆ ಓಡುವುದೊಂದೇ ಅವಕ್ಕೆ ಗೊತ್ತು. ಮಿಶಿಗನ್ ಸರೋವರ ಎಷ್ಟು ದೊಡ್ಡದೆಂದರೆ ಆಚೆಯ ದಡ ಕಾಣುವುದಿಲ್ಲ. ಅಷ್ಟು ಉದ್ದದ ದಂಡೆಯಲ್ಲಿ ಈ ಹಕ್ಕಿಯ ಜೋಡಿಗಳು ನೂರು ಕೂಡ ಉಳಿದಿರಲಿಲ್ಲ. ಪ್ರತಿ ಬೇಸಿಗೆಯಲ್ಲೂ ಅವುಗಳನ್ನು ಕಾಯುವ ಕೆಲಸವನ್ನು ಊರಿನವರು ಡೆಲ್ಲಾಳ ಅಮ್ಮನಿಗೆ ಕೊಟ್ಟಿದ್ದರು. ಶಾಲೆಗೆ ರಜೆ ಬಂದರೆ ಡೆಲ್ಲಾಳಿಗೂ ಅದೇ ಕೆಲಸ, ಸಂಬಳವಿಲ್ಲದೆ.

ಮರಿಗಳಿಗೆ ಹೆಸರಿಡಬಾರದು ಎಂದು ಅಮ್ಮ ಕಟ್ಟುನಿಟ್ಟಾಗಿ ಹೇಳಿದ್ದಳು. ಡೆಲ್ಲಾ ಇಟ್ಟಿದ್ದಳು. ಉಪ್ಪು, ಸಕ್ಕರೆ, ಸಾಸಿವೆ, ಮೆಣಸು. ಹೋದ ವಾರ ವನ್ಯಜೀವಿ ಇಲಾಖೆಯವರು ಬಂದು ಒಂದೊಂದರ ಕಾಲಿಗೂ ಒಂದೊಂದು ಬಣ್ಣದ ಪುಟ್ಟ ಉಂಗುರ ತೊಡಿಸಿ ಹೋಗಿದ್ದರು, ಹಾಗಾಗಿ ಗುರುತು ತಪ್ಪುತ್ತಿರಲಿಲ್ಲ. ಈಗ ಉಪ್ಪು ಇಲ್ಲ. ಸಕ್ಕರೆಯೂ ಇಲ್ಲ.

"ಆ ಬಿಸ್ಕಿಟ್ ನಾಯಿದೇ ಕೆಲಸ" ಎಂದಳು ಡೆಲ್ಲಾ.

ಬಿಸ್ಕಿಟ್ ಎಂಬುದು ಪಟ್ಟಣದಿಂದ ರಜೆಗೆ ಬಂದವರ ಕಂದು ನಾಯಿ. ಅದರ ಒಡತಿ ದೊಡ್ಡ ಟೋಪಿಯ ಹೆಂಗಸು. ನಾಯಿಗೆ ಹಗ್ಗ ಹಾಕಿ ಎಂದು ಡೆಲ್ಲಾ ಅವರಿಗೆ ಏಳು ಸಲ ಹೇಳಿದ್ದಳು. ಏಳು ಸಲವೂ ಅವರು ನಕ್ಕು, "ಅದು ಯಾರಿಗೂ ಏನೂ ಮಾಡಲ್ಲ ಪುಟ್ಟ" ಎಂದಿದ್ದರು.

ಅಮ್ಮ ಅಲ್ಲವೆಂದು ತಲೆಯಾಡಿಸಿದಳು. ಮರಳಿನ ಮೇಲೆ ನಾಯಿಯ ಹೆಜ್ಜೆ ಇಲ್ಲ. ಇದು ಮೆರ್ಲಿನ್‌ನ ಕೆಲಸ ಎಂದಳು. ಮೆರ್ಲಿನ್ ಎಂದರೆ ಪಾರಿವಾಳದಷ್ಟೇ ಗಾತ್ರದ ಡೇಗೆ, ಬೇಟೆಯಾಡುವ ಹಕ್ಕಿ. ಬಂದದ್ದು ಕಾಣುವುದಿಲ್ಲ, ಹೋದದ್ದು ಮಾತ್ರ ಕಾಣುತ್ತದೆ. ಅದನ್ನು ಹೊಡೆಯುವಂತಿಲ್ಲ, ಅದನ್ನೂ ಕಾನೂನು ಕಾಯುತ್ತದೆ. ಆದ್ದರಿಂದ ನಿನ್ನೆ ಒಂದು ಮರಿ ಕಾಣೆಯಾದ ಕೂಡಲೇ ಇಲಾಖೆಯವರು ಡೇಗೆ ಪಳಗಿಸುವವರ ಸಂಘಕ್ಕೆ ಫೋನ್ ಮಾಡಿದ್ದರು. ಡೇಗೆಯ ಗುಣ ಅವರಿಗೆ ಗೊತ್ತಿರುವಷ್ಟು ಇನ್ನಾರಿಗೂ ಗೊತ್ತಿಲ್ಲ. ಅದನ್ನು ಹಿಡಿಯಲು ಒಬ್ಬರನ್ನು ಕಳಿಸುತ್ತೇವೆ ಎಂದು ಸಂಘದವರು ಹೇಳಿದ್ದರು. ಇವತ್ತು ಬೆಳಗ್ಗೆ ಆರು ಗಂಟೆಗೆ.

ಈಗ ಎಂಟೂಕಾಲು.

*

ಸಂಘ ಕಳಿಸಿದ ಡ್ರೆಸ್ಕಿಯವರು ಬಂದಾಗ ಒಂಬತ್ತಕ್ಕೆ ಹತ್ತು ನಿಮಿಷವಿತ್ತು. ತುಕ್ಕು ಹಿಡಿದ ಪಿಕಪ್ ಗಾಡಿಯಿಂದ ಅವರು ಮೊದಲು ಇಳಿಸಿದ್ದು ಮಡಚುವ ಕುರ್ಚಿ. ಆಮೇಲೆ ಫ್ಲಾಸ್ಕ್. ಆಮೇಲೆ ಕಾಗದದಲ್ಲಿ ಸುತ್ತಿದ ಸ್ಯಾಂಡ್‌ವಿಚ್. ಎರಡು ಗುಬ್ಬಚ್ಚಿಗಳಿದ್ದ ಪಂಜರ ಗಾಡಿಯ ಹಿಂಭಾಗದಲ್ಲೇ ಉಳಿಯಿತು. ಡೆಲ್ಲಾಳ ಜಾಜಾ, ಅಂದರೆ ಅಜ್ಜ, ಬದುಕಿದ್ದರೆ ಇವರಷ್ಟೇ ವಯಸ್ಸಾಗಿರುತ್ತಿತ್ತು. ಡ್ರೆಸ್ಕಿಯವರ ಸೊಂಟದ ಬೆಲ್ಟಿಗೆ ಒಂದೇ ಒಂದು ಚರ್ಮದ ಕೈಗವಸು ನೇತಾಡುತ್ತಿತ್ತು.

"ಆರು ಗಂಟೆಗೆ ಬರ್ತೀನಿ ಅಂದಿದ್ರಿ" ಎಂದಳು ಡೆಲ್ಲಾ.

"ಅಂದಿದ್ದೆ" ಎಂದು ಅವರು ಒಂದು ತುತ್ತು ಕಚ್ಚಿದರು. "ಮೊಟ್ಟೆ ಸ್ಯಾಂಡ್‌ವಿಚ್. ಅರ್ಧ ಬೇಕಾ ಆಫೀಸರಮ್ಮ?"

ಅವಳು ಅಮ್ಮನ ಹಳೆಯ ಕಾವಲು ಟೋಪಿಯನ್ನು ಕಿವಿಯವರೆಗೆ ಇಳಿಬಿಟ್ಟಿದ್ದಳು, ಅದಕ್ಕೆ ಆ ಹೆಸರು. ಡೆಲ್ಲಾಳಿಗೆ ಅದು ಸ್ವಲ್ಪವೂ ಹಿಡಿಸಲಿಲ್ಲ. ಕಾಗದಪತ್ರ ಇದೆಯೇ ಎಂದು ಕೇಳಿದಳು. ಅವರು ಗಂಭೀರವಾಗಿ ಕೈ ಒರೆಸಿಕೊಂಡು, ಜೇಬಿನಿಂದ ಪ್ಲಾಸ್ಟಿಕ್ ಚೀಲದಲ್ಲಿದ್ದ ಅನುಮತಿಪತ್ರವನ್ನು ತೆಗೆದು ಎರಡೂ ಕೈಯಿಂದ ಕೊಟ್ಟರು. ಅಮ್ಮ ಅತ್ತ ತಿರುಗಿ ನಗು ನುಂಗಿಕೊಂಡಳು. ಅದೂ ಡೆಲ್ಲಾಳಿಗೆ ಹಿಡಿಸಲಿಲ್ಲ.

ಅವರು ಕುರ್ಚಿ ಹಾಕಿಕೊಂಡು ಕುಳಿತರು, ಅದೂ ನೀರಿಗೆ ಬೆನ್ನು ಮಾಡಿ.

"ಹಕ್ಕಿಗಳು ಈ ಕಡೆ ಇವೆ" ಎಂದಳು ಡೆಲ್ಲಾ.

"ನಿನ್ನ ಹಕ್ಕಿ ಆ ಕಡೆ. ನನ್ನ ಹಕ್ಕಿ ಪೈನ್ ಮರದ ಕಡೆಯಿಂದ ಬರುತ್ತೆ."

ನನ್ನ ಹಕ್ಕಿಯಂತೆ. ಉಪ್ಪು, ಸಕ್ಕರೆಯನ್ನು ತಿಂದು ಮುಗಿಸಿದ್ದು ಇವರ ಹಕ್ಕಿ. ಮನೆಯ ನಾಯಿಮರಿಯ ಮಾತು ಆಡಿದ ಹಾಗೆ ಆಡುತ್ತಾರೆ.

ಅವರು ಗಂಟೆಗಟ್ಟಲೆ ಕುಳಿತರು. ಚಹಾ ಕುಡಿದರು. ಡೇಗೆ ಎಲ್ಲಿ ಕೂರುತ್ತದೆ ಎಂದು ಒಮ್ಮೆ ಕೇಳಿದರು. ನನಗೇನು ಗೊತ್ತು, ಅದು ನನ್ನನ್ನು ಕೇಳಿ ಕೂರುವುದಿಲ್ಲ ಎಂದಳು ಡೆಲ್ಲಾ. ಡ್ರೆಸ್ಕಿಯವರು ಅದು ಸರಿಯಾದ ಉತ್ತರವೆಂಬಂತೆ ತಲೆದೂಗಿ, ಎದ್ದು, ಮರಿಗಳಿಗೆಂದು ಹಗ್ಗ ಕಟ್ಟಿದ ಜಾಗದ ಅಂಚಿನಲ್ಲೇ ನಡೆದು ಸಂತನ ಕಂಬದ ಹತ್ತಿರ ಹೋಗಿ ನಿಂತರು.

ಆ ಕಂಬವನ್ನು ಜಾಜಾ ಮಾಡಿದ್ದ. ಆ ಸೀಮೆಯಲ್ಲಿ ನೆಲೆಸಿದ್ದ ಪೋಲಿಶ್ ಜನ ದಾರಿ ಕೂಡುವಲ್ಲಿ, ತೋಟದ ಅಂಚಿನಲ್ಲಿ, ಯಾರಾದರೂ ತೀರಿಕೊಂಡ ತಿರುವಿನಲ್ಲಿ ಇಂಥ ಕಂಬ ನೆಡುತ್ತಾರೆ. ಕಂಬದ ತಲೆಯ ಮೇಲೆ ಗುಬ್ಬಿಮನೆಯಷ್ಟು ಚಿಕ್ಕ ಮರದ ಗುಡಿ, ಒಳಗೆ ಒಬ್ಬ ಸಂತ. ಹೋದ ಶರತ್ಕಾಲದಲ್ಲಿ, ಕೆಮ್ಮು ಬಿಡದಿದ್ದರೂ ಜಾಜಾ ಹಟ ಹಿಡಿದು ದಂಡೆಯ ಹಕ್ಕಿಗಳಿಗೆಂದೇ ಒಂದನ್ನು ಮಾಡಿದ. ಆಳಿಗಿಂತ ಒಂದು ಗೇಣು ಎತ್ತರದ ಸೀಡರ್ ಕಂಬ. ಮೇಲೆ ಇಳಿಜಾರು ಮಾಡಿನ ಗೂಡು. ಅದರಲ್ಲಿ ಅಂಗೈಯ ಮೇಲೆ ಹಕ್ಕಿ ಕೂರಿಸಿಕೊಂಡ ಸಂತ ಫ್ರಾನ್ಸಿಸರು. ಕೆಳಗೆ ಒಂದು ಹಲಗೆ: "ಇಲ್ಲಿ ಪುಟ್ಟವರು ಓಡಾಡುತ್ತಾರೆ, ಮೆಲ್ಲಗೆ ನಡೆಯಿರಿ." ಅಕ್ಷರಗಳಿಗೆ ಬಣ್ಣ ತುಂಬಿದ್ದು ಡೆಲ್ಲಾ. ಜನವರಿಯಲ್ಲಿ ಜಾಜಾ ತೀರಿಕೊಂಡ. ಅವನು ಕೊನೆಗೆ ಮಾಡಿದ ವಸ್ತು ಅದೇ.

ಡ್ರೆಸ್ಕಿಯವರು ಕಂಬದ ಬುಡದಲ್ಲಿ ಮಂಡಿಯೂರಿ ಬೆರಳಿನಿಂದ ಮರಳು ಕೆದಕುತ್ತಿದ್ದರು. ಮೊದಲು ಕೆಲವು ತುಪ್ಪಳ. ಆಮೇಲೆ ಬೇಳೆಕಾಳಿನಷ್ಟು ಚಿಕ್ಕ ಕಿತ್ತಳೆ ಬಣ್ಣದ ಉಂಗುರ. ಅವರು ಅದನ್ನು ಅಂಗೈಯಲ್ಲಿಟ್ಟುಕೊಂಡು ಊದಿದರು.

ಕಿತ್ತಳೆ ಬಣ್ಣ ಸಕ್ಕರೆಯದು.

"ಇದರ ಮೇಲೇ ಕೂತು ನೋಡುತ್ತೆ, ಇದರ ಮೇಲೇ ಕೂತು ತಿನ್ನುತ್ತೆ" ಎಂದರು ಡ್ರೆಸ್ಕಿ, ಅಮ್ಮನ ಕಡೆ ತಿರುಗಿ. "ದಂಡೆಯಲ್ಲಿ ಬೇರೆ ಯಾವ ಕಂಬವೂ ಎದೆಮಟ್ಟಕ್ಕಿಂತ ಮೇಲಿಲ್ಲ. ಇದನ್ನ ತೆಗೀಬೇಕಾಗುತ್ತೆ ಲೊರೇನ್."

ಅಮ್ಮ ಕಂಬವನ್ನು ನೋಡಿದಳು, ನೆಲವನ್ನು ನೋಡಿದಳು. ಅದು ಅವಳ ಅಪ್ಪ ಮಾಡಿದ್ದು.

"ಗಾಳಿಗೆ ಹಾರಿ ಬಂದಿರಬಹುದು" ಎಂದಳು ಡೆಲ್ಲಾ. "ನಾಯಿನೂ ಇಲ್ಲಿ ತಂದು ಹಾಕಬಹುದು. ನೀವು ಬಂದು ಅರ್ಧ ದಿನ ಆಗಿಲ್ಲ, ಒಂದು ಡೇಗೇನೂ ನೋಡಿಲ್ಲ. ನೋಡದೇ ಹೇಗೆ ಹೇಳ್ತೀರಾ?"

ಅಮ್ಮ ಅವಳ ಹೆಸರು ಹಿಡಿದು ಗದರಿಸಿದಳು. ಡ್ರೆಸ್ಕಿಯವರಿಗೆ ಸಿಟ್ಟು ಬರಲಿಲ್ಲ. ಸಿಟ್ಟು ಬಂದಿದ್ದರೆ ಡೆಲ್ಲಾಳಿಗೆ ಎಷ್ಟೋ ಹಿತವಾಗುತ್ತಿತ್ತು. ನೀನು ಹೇಳುವುದು ಸರಿ, ನೋಡಬೇಕು, ನೋಡದೆ ನಾನು ಬಲೆಯನ್ನೂ ಇಡುವುದಿಲ್ಲ ಎಂದರು ಅವರು. ಬರುತ್ತಿರುವುದು ಗಂಡೋ ಹೆಣ್ಣೋ ತಿಳಿಯಬೇಕು. ಹೆಣ್ಣಾದರೆ ಮುಟ್ಟುವುದಿಲ್ಲ. ಅದಕ್ಕೂ ಗೂಡಿನಲ್ಲಿ ಮರಿಗಳಿವೆ.

"ಹಾಗಾದರೆ ಇವತ್ತು ಹಿಡಿಯಲ್ವಾ?"

"ಇವತ್ತು ಇಲ್ಲ."

ಡೆಲ್ಲಾ ಟೋಪಿ ಕಿತ್ತು ಮರಳಿಗೆ ಎಸೆದಳು. ಎಸೆದದ್ದನ್ನು ತಾನೇ ಎತ್ತಿಕೊಳ್ಳಬೇಕಾಯಿತು.

*

ಮನೆಯಲ್ಲಿ ಬುಶಾ ಆಲೂಗಡ್ಡೆ ಸುಲಿಯುತ್ತಿದ್ದಳು. ಅಲ್ಲಿ ಅಜ್ಜಿಯನ್ನು ಬುಶಾ ಎನ್ನುತ್ತಾರೆ. ಶುಕ್ರವಾರ ಪಿಯೆರೋಗಿ ಎಂಬ ಕಡುಬು ಮಾಡುವ ದಿನ. ಜಾಜಾ ಹೋದಮೇಲೂ ಅವಳು ಅವನ ಪಾಲಿನ ಆರು ಕಡುಬನ್ನು ಕಡಿಮೆ ಮಾಡಿರಲಿಲ್ಲ. ಉಳಿದದ್ದನ್ನು ಮರುದಿನ ಬೆಣ್ಣೆಯಲ್ಲಿ ಹುರಿದು ತಾನೇ ತಿನ್ನುತ್ತಿದ್ದಳು. ಅವಳ ಜಪಮಾಲೆ ಹಿಟ್ಟಿನ ಡಬ್ಬಿಯ ಪಕ್ಕದಲ್ಲಿತ್ತು.

ಡೆಲ್ಲಾ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ತಡವಾಗಿ ಬಂದದ್ದು, ಸ್ಯಾಂಡ್‌ವಿಚ್ಚು, ತಿರುಗಿಸಿ ಹಾಕಿದ ಕುರ್ಚಿ, ಆಫೀಸರಮ್ಮ. ಕೊನೆಗೆ ಕಂಬದ ಮಾತು. ಬುಶಾ ಚಾಕು ಕೆಳಗಿಟ್ಟು ಸಿಟ್ಟಾಗಬೇಕು, ಕೋಟು ಹಾಕಿಕೊಂಡು ದಂಡೆಗೆ ಬರಬೇಕು, ಆ ಮನುಷ್ಯನಿಗೆ ನಾಲ್ಕು ಮಾತು ಹೇಳಬೇಕು ಎಂದು ಕಾದಳು.

"ಎಮೆಟ್ ಡ್ರೆಸ್ಕಿ ಊಟ ಮಾಡಿದ್ನಾ?" ಎಂದಳು ಬುಶಾ.

"ಬುಶಾ. ಸ್ಯಾಂಡ್‌ವಿಚ್ ತಿಂದ್ರು ಅಂತ ಈಗ ತಾನೇ ಹೇಳಿದೆ."

"ಸ್ಯಾಂಡ್‌ವಿಚ್ ಊಟ ಅಲ್ಲ."

ಡೆಲ್ಲಾ ಹಣೆಯನ್ನು ಮೇಜಿಗೆ ಒತ್ತಿಕೊಂಡಳು. ಜಾಜಾನ ಕಂಬವನ್ನು ಕಿತ್ತುಹಾಕುತ್ತಾರಂತೆ, ನಿನಗೆ ಏನೂ ಅನಿಸುವುದಿಲ್ಲವೇ ಎಂದು ಮೇಜಿಗೇ ಕೇಳಿದಳು.

ಬುಶಾ ಸುಲಿಯುವುದನ್ನು ನಿಲ್ಲಿಸಲಿಲ್ಲ. ಆಲೂಗಡ್ಡೆಯ ಸಿಪ್ಪೆ ಉದ್ದಕ್ಕೆ ಸುರುಳಿಯಾಗಿ ಇಳಿಯುತ್ತಿತ್ತು.

"ನಾಲ್ಕು ಫ್ರಾನ್ಸಿಸರನ್ನ ಒಲೆಗೆ ಹಾಕಿದ ನಿನ್ನ ಜಾಜಾ" ಎಂದಳು ಆಮೇಲೆ. "ಒಂದಕ್ಕೆ ಮುಖ ಜಂಬದ್ದಾಯ್ತಂತೆ. ಒಂದರ ಕೈ ಹಕ್ಕೀನ ಹಿಸುಕಿದ ಹಾಗೆ ಕಾಣುತ್ತಂತೆ. ಚೆನ್ನಾಗೇ ಇದೆಯಲ್ಲೋ, ಬಿಡು, ಅಂದೆ. ಕೇಳಲಿಲ್ಲ. ಐದನೇದು ಅಲ್ಲಿರೋದು."

"ಅದಕ್ಕೂ ಇದಕ್ಕೂ ಏನು ಸಂಬಂಧ?"

"ಗೊತ್ತಿಲ್ಲಮ್ಮ. ನೆನಪಾಯ್ತು, ಹೇಳಿದೆ." ಬುಶಾ ಇನ್ನೊಂದು ಆಲೂಗಡ್ಡೆ ಕೈಗೆತ್ತಿಕೊಂಡಳು. "ನೀನು ಎಮೆಟ್ ಜೊತೆ ಕೂತು ನೋಡು. ನೋಡಿ ಬಂದು ಹೇಳು. ನಂಗೆ ಅಷ್ಟು ದೂರ ಕಾಣಲ್ಲ."

*

ಮರುದಿನ ಡ್ರೆಸ್ಕಿಯವರು ಐದೂವರೆಗೇ ಬಂದಿದ್ದರು. ಡೆಲ್ಲಾ ಹೋಗುವಷ್ಟರಲ್ಲಿ ದಿಬ್ಬದ ಹುಲ್ಲಿನ ಹಿಂದೆ ಕುರ್ಚಿ ಹಾಕಿ ಕುಳಿತಿದ್ದರು. ಬುಶಾ ಕಳಿಸಿದ್ದ ಕಡುಬಿನ ಡಬ್ಬಿಯನ್ನು ಡೆಲ್ಲಾ ಅವರ ಪಕ್ಕದಲ್ಲಿಟ್ಟಳು. ಒಂಬತ್ತಿದ್ದವು. ಅವರು ಐದು ತಿಂದು ನಾಲ್ಕನ್ನು ಅವಳ ಕಡೆ ತಳ್ಳಿದರು.

ಗಾಳಿ ಇರಲಿಲ್ಲ. ಸಾಸಿವೆ ಮತ್ತು ಮೆಣಸು ನೀರಿನಂಚಿನಲ್ಲಿ ಓಡಿ, ನಿಂತು, ಬಗ್ಗಿ ಏನನ್ನೋ ಕುಕ್ಕಿ, ಮತ್ತೆ ಓಡುತ್ತಿದ್ದವು. ತಾಯಿಹಕ್ಕಿ ಸ್ವಲ್ಪ ದೂರದಲ್ಲಿ ಒಂಟಿಕಾಲಿನಲ್ಲಿ ನಿಂತಿತ್ತು.

ಎಂಟು ಗಂಟೆಗೆ ಬಿಸ್ಕಿಟ್ ಬಂತು, ಹಗ್ಗವಿಲ್ಲದೆ. ಡೆಲ್ಲಾ ಎದ್ದು ಹೋಗಿ ಎಂಟನೆಯ ಸಲ ಹೇಳಿದಳು. ಟೋಪಿಯ ಹೆಂಗಸು ಎಂಟನೆಯ ಸಲ ನಕ್ಕರು. ನಾಯಿ ಮರಳಿನಲ್ಲಿ ಒಂದು ಗುಂಡಿ ತೋಡಿ, ತನಗೇ ಬೇಸರವಾಗಿ, ಅದನ್ನು ಹಾಗೇ ಬಿಟ್ಟು ಹೋಯಿತು. ಆ ಗುಂಡಿಗೆ ಮರಿ ಬಿದ್ದರೆ ಹತ್ತಲಾರದು. ಡೆಲ್ಲಾ ಮಂಡಿಯೂರಿ ಅದನ್ನು ಮುಚ್ಚಿ, ಅಂಗೈಯಿಂದ ತಟ್ಟಿ, ಬೈದುಕೊಂಡು ಬಂದಳು.

"ನೋಡಿದ್ರಾ? ನಾಯಿ" ಎಂದಳು.

"ನಾಯಿ" ಎಂದು ಒಪ್ಪಿಕೊಂಡರು ಡ್ರೆಸ್ಕಿ. ಆಮೇಲೆ ಅವರ ಕೈ ಅವಳ ತೋಳನ್ನು ಮುಟ್ಟಿತು. "ಅಲ್ಲಾಡಬೇಡ."

ಸಂತನ ಗುಡಿಯ ಮಾಡಿನ ಮೇಲೆ ಒಂದು ಹಕ್ಕಿ ಕುಳಿತಿತ್ತು. ಅದು ಬಂದದ್ದನ್ನು ಡೆಲ್ಲಾ ನೋಡಲೇ ಇಲ್ಲ. ತನ್ನ ಮನೆಯ ಮೆಟ್ಟಿಲ ಮೇಲೆ ಕೂತ ಹಾಗೆ ಕೂತು, ರೆಕ್ಕೆಯನ್ನೊಮ್ಮೆ ಕೊಡವಿಕೊಂಡಿತು. ಅದರ ಬೆನ್ನು ಮಳೆ ಬರುವ ಮೊದಲಿನ ಸರೋವರದ ಬಣ್ಣ.

"ಬೆನ್ನು ನೀಲಿ. ಗಂಡು" ಎಂದು ಡ್ರೆಸ್ಕಿ ಉಸಿರಿನಲ್ಲೇ ಹೇಳಿದರು.

ಡೆಲ್ಲಾ ಏಳಲು ಹೋದಳು. ಅವರು ತೋಳು ಬಿಡಲಿಲ್ಲ. ಈಗ ಓಡಿದರೆ ಮರಿಗಳೂ ಬೆದರಿ ಓಡುತ್ತವೆ. ಓಡುವುದೇ ಅದರ ಕಣ್ಣಿಗೆ ಬೀಳುವುದು ಎಂದು ಪಿಸುಗುಟ್ಟಿದರು. ತಾಯಿಹಕ್ಕಿ ಕೂಗಿತು. ಮೆಣಸು ಅಲ್ಲೇ ಕುಸಿದು ಕಲ್ಲುಗಳ ನಡುವೆ ಕಲ್ಲಾಯಿತು. ಸಾಸಿವೆ ತಾಯಿಯ ಕಡೆಗೆ ಓಡಿತು.

ಕಂಬದಿಂದ ಏನೋ ಜಾರಿದ ಹಾಗಾಯಿತು, ಮರಳಿನ ಮೇಲೆ ಗೆರೆ ಎಳೆದ ಹಾಗಾಯಿತು, ಅಷ್ಟೇ. ಮೆರ್ಲಿನ್ ಮತ್ತೆ ಮಾಡಿನ ಮೇಲೆ ಕುಳಿತಾಗ ಅದರ ಉಗುರಿನಲ್ಲಿ ಸಾಸಿವೆ ಇತ್ತು. ಬಿಳಿಯ ತುಪ್ಪಳ ಒಂದೊಂದಾಗಿ ಸಂತ ಫ್ರಾನ್ಸಿಸರ ಮುಂದೆ ಹಾದು ಕೆಳಗೆ ಬಿತ್ತು.

ಡೆಲ್ಲಾ ಕಣ್ಣು ಮುಚ್ಚಿಕೊಳ್ಳಲಿಲ್ಲ. ನೋಡಿ ಬಂದು ಹೇಳು ಎಂದು ಬುಶಾ ಹೇಳಿದ್ದಳು.

ಅದು ಹಾರಿಹೋದ ಕೂಡಲೇ ಅವಳು ಕಂಬದ ಹತ್ತಿರ ಓಡಿ, ಎರಡೂ ಕೈಯಿಂದ ತಬ್ಬಿ ಅಲುಗಾಡಿಸತೊಡಗಿದಳು. ಜಾಜಾ ಆಳವಾಗಿ ನೆಟ್ಟಿದ್ದ. ಅದು ಕೂದಲೆಳೆಯಷ್ಟೂ ಕದಲಲಿಲ್ಲ. ಅಮ್ಮ ದಂಡೆಯ ಆ ತುದಿಯಿಂದ ಓಡಿ ಬರುತ್ತಿದ್ದಳು.

"ಬಿಡು ಆಫೀಸರಮ್ಮ" ಎಂದರು ಡ್ರೆಸ್ಕಿ, ನಿಧಾನವಾಗಿ ನಡೆದು ಬಂದು. "ಇವತ್ತು ಅದು ಅಲ್ಲೇ ಇರಬೇಕು."

ಡೆಲ್ಲಾ ತಿರುಗಿ ನೋಡಿದಳು. ಮುಖವೆಲ್ಲ ಮರಳು, ಕಣ್ಣೀರು.

"ನಿನ್ನೆ ತೆಗೀಬೇಕು ಅಂದ್ರಿ. ಬೇಡ ಅಂದೆ. ಇವತ್ತು ತೆಗೀತೀನಿ ಅಂದರೆ ಬೇಡ ಅಂತೀರಾ. ನಿಮಗೆ ಏನು ಬೇಕು ಅಂತ ನಿಮಗಾದ್ರೂ ಗೊತ್ತಿದೆಯಾ?"

"ಆ ಹಕ್ಕಿಗೆ ಈ ಕಂಬದ ಮೇಲೆ ನಂಬಿಕೆ ಇದೆ. ಇದನ್ನ ಈಗ ಕಿತ್ತರೆ ಅದು ಇನ್ನೆಲ್ಲಿ ಕೂರುತ್ತೋ, ನಾನು ಇನ್ನೊಂದು ವಾರ ಹುಡುಕಬೇಕು. ನಿನ್ನ ಹತ್ತಿರ ಒಂದು ವಾರಕ್ಕೆ ಸಾಲುವಷ್ಟು ಮರಿ ಇಲ್ಲ."

ಡೆಲ್ಲಾಳ ಸಿಟ್ಟು ಇನ್ನೂ ಹೆಚ್ಚಾಯಿತು. ಅವಳು ಕಂಬವನ್ನು ಒದ್ದಳು, ಕೂಡಲೇ ಮೇಲೆ ನೋಡಿ ಸಂತರಲ್ಲಿ ಕ್ಷಮೆ ಕೇಳಿದಳು, ಕಾಲು ನೋಯುತ್ತಿದೆ ಎಂದು ಕುಳಿತು ಅತ್ತಳು. ಅಮ್ಮ ಬಂದು ಪಕ್ಕದಲ್ಲಿ ಕೂತು ಅವಳ ಶೂ ಬಿಚ್ಚಿ ಬೆರಳು ನೋಡಿದಳು. ಅಮ್ಮನ ಕಣ್ಣೂ ಕೆಂಪಾಗಿತ್ತು.

*

ಡ್ರೆಸ್ಕಿಯವರ ಬಲೆ ಬಲೆಯ ಹಾಗೆ ಇರಲಿಲ್ಲ. ಊಟದ ತಟ್ಟೆಯನ್ನು ಮುಚ್ಚುವ ತಂತಿಯ ಬುಟ್ಟಿಯ ಹಾಗಿತ್ತು. ಅದರ ಮೇಲೆಲ್ಲ ಗಾಳದ ದಾರದ ಸಣ್ಣ ಸಣ್ಣ ಉರುಳುಗಳು, ಹುಲ್ಲು ಎದ್ದುನಿಂತ ಹಾಗೆ. ಒಳಗೆ ಎರಡು ಗುಬ್ಬಚ್ಚಿ ಕಾಳು ತಿನ್ನುತ್ತವೆ, ಡೇಗೆಗೆ ಅವು ಸಿಗುವುದಿಲ್ಲ. ಹಿಡಿಯಲು ಮೇಲೆ ಇಳಿದರೆ ಉರುಳಿಗೆ ಅದರ ಬೆರಳು ಸಿಗುತ್ತದೆ.

"ಇದಕ್ಕೆ ಬಾಲ್ ಚತ್ರಿ ಅಂತಾರೆ" ಎಂದರು ಅವರು, ಕೇಳದೆಯೇ. "ಹಿಂದೂಸ್ತಾನದ ಹೆಸರು. ಕೂದಲ ಕೊಡೆ ಅಂತ. ಅಲ್ಲಿ ಹಿಂದೆ ಕುದುರೆ ಬಾಲದ ಕೂದಲಲ್ಲಿ ಉರುಳು ಹಾಕ್ತಿದ್ದರಂತೆ. ಡೇಗೆ ಹಿಡಿಯೋರು ಎಲ್ಲಾ ಕಡೆ ಒಂದೇ ಜಾತಿ ನೋಡು. ತಡವಾಗಿ ಬರೋರು, ಸುಮ್ಮನೆ ಕೂರೋರು, ಎಲ್ಲರ ಹತ್ತಿರ ಬೈಸಿಕೊಳ್ಳೋರು."

ಡೆಲ್ಲಾ ನಗಬಾರದೆಂದು ತುಟಿ ಕಚ್ಚಿಕೊಂಡಳು.

ಬುಟ್ಟಿಯನ್ನು ಕಂಬದ ಬುಡದಿಂದ ನಾಲ್ಕು ಹೆಜ್ಜೆ ದೂರ ಇಟ್ಟು, ಮೂವರೂ ಹುಲ್ಲಿನ ಹಿಂದೆ ಕಾದರು. ಮಧ್ಯಾಹ್ನ ಕಳೆಯಿತು. ಮೆಣಸು ಒಂದೇ ಆಚೆಯಿಂದ ಈಚೆಗೆ ಓಡಾಡುತ್ತಿತ್ತು. ಡೆಲ್ಲಾಳ ಕಾಲು ಜೋಮು ಹಿಡಿಯಿತು. ಸೊಳ್ಳೆ ಕಚ್ಚಿದರೂ ಹೊಡೆಯುವಂತಿಲ್ಲ. ಇನ್ನೆಷ್ಟು ಹೊತ್ತು ಎಂದು ಕೇಳಿದರೆ ಡ್ರೆಸ್ಕಿಯವರು ಆಕಾಶವನ್ನು ತೋರಿಸುತ್ತಿದ್ದರು, ಅಲ್ಲಿ ಬರೆದಿಟ್ಟ ಹಾಗೆ.

ಸಂಜೆ ಏಳಾದರೂ ಬಿಸಿಲು ಇಳಿದಿರಲಿಲ್ಲ. ಆಗ ಅದು ಬಂತು. ಮಾಡಿನ ಮೇಲೆ ಕುಳಿತು, ದಂಡೆಯನ್ನೊಮ್ಮೆ ನೋಡಿ, ತಲೆ ಬಗ್ಗಿಸಿ ಗುಬ್ಬಚ್ಚಿಗಳನ್ನು ನೋಡಿತು. ಡೆಲ್ಲಾ ನೀರಿನಂಚನ್ನು ಕಣ್ಣಿನಲ್ಲೇ ಹುಡುಕಿದಳು. ಮೆಣಸು ಎಲ್ಲಿದೆಯೋ ಅವಳಿಗೆ ಕಾಣುತ್ತಿರಲಿಲ್ಲ. ಮೆರ್ಲಿನ್ ನೀರಿನ ಕಡೆ ತಿರುಗಿತು, ಮತ್ತೆ ಬುಟ್ಟಿಯ ಕಡೆ ತಿರುಗಿತು. ಒಂದು ಗುಬ್ಬಚ್ಚಿ ರೆಕ್ಕೆ ಬಡಿಯಿತು.

ಅದು ಇಳಿಯಿತು.

ಕಾಲೆಳೆದುಕೊಂಡೇ ನಡೆಯುತ್ತಿದ್ದ ಡ್ರೆಸ್ಕಿಯವರು ಅಷ್ಟು ಬೇಗ ಓಡಬಲ್ಲರೆಂದು ಡೆಲ್ಲಾಳಿಗೆ ಗೊತ್ತೇ ಇರಲಿಲ್ಲ. ಅವಳು ತಲುಪುವಷ್ಟರಲ್ಲಿ ಅವರು ಹಕ್ಕಿಯ ಬೆರಳಿನಿಂದ ದಾರ ಬಿಡಿಸಿ, ತುದಿ ಕತ್ತರಿಸಿದ ಹಳೆಯ ಉಣ್ಣೆಯ ಕಾಲ್ಚೀಲದೊಳಗೆ ಅದನ್ನು ಜಾರಿಸಿಬಿಟ್ಟಿದ್ದರು. ತಲೆ ಮಾತ್ರ ಹೊರಗೆ.

"ಹಿಡ್ಕೋ. ಬಿಗಿಯಾಗಿ ಅಲ್ಲ. ಸಡಿಲವಾಗಿಯೂ ಅಲ್ಲ."

ಅವಳಿಗೆ ಬೇಡವಾಗಿತ್ತು. ಆದರೂ ಕೈ ಚಾಚಿದಳು. ಅದು ಒಂದು ಬೊಗಸೆ ಚೆರ್ರಿ ಹಣ್ಣಿನಷ್ಟೂ ಭಾರವಿರಲಿಲ್ಲ. ಉಣ್ಣೆಯ ಒಳಗೆ ಅದರ ಎದೆ ಜೋರಾಗಿ ಬಡಿಯುತ್ತಿತ್ತು. ಅದನ್ನು ಬೈಯಲು ಬೆಳಗಿನಿಂದ ಮಾತು ಜೋಡಿಸಿಟ್ಟುಕೊಂಡಿದ್ದಳು. ಅದು ಕಪ್ಪು ಕಣ್ಣಿನಿಂದ ಅವಳನ್ನೇ ನೋಡುತ್ತಿತ್ತು.

"ಇದರ ಮರಿಗಳು?" ಎಂದು ಕೇಳಿದಳು.

"ಚರ್ಚ್ ಹಿಂದಿನ ಪೈನ್ ಮರದಲ್ಲಿ ಮೂರಿವೆ. ಇವತ್ತಿಗೆ ಹದಿನೆಂಟು ದಿನದವು ಅಂತ ಕಾಣುತ್ತೆ. ಅಷ್ಟಾಗಿದ್ರೆ ತಾಯಿ ಒಂದೇ ಸಾಕಬಲ್ಲದು. ನಾನೂ ದಿನಾ ಒಂದಿಷ್ಟು ಮಾಂಸ ಇಟ್ಟು ಬರ್ತೀನಿ. ಇನ್ನೂ ಎಳೇವಾಗಿದ್ರೆ ನಾನು ಬಲೆ ಇಡ್ತಿರಲಿಲ್ಲ."

"ಹದಿನೆಂಟು ದಿನ ಅಂತ ನಿಮಗೆ ಹೇಗೆ ಗೊತ್ತು?"

"ನಿನ್ನೆ ಬೆಳಗ್ಗೆ ಮರ ಹತ್ತಿದ್ದೆ" ಎಂದರು ಅವರು. "ಆರು ಗಂಟೆಗೆ. ಇಳಿಯೋಕೆ ಹತ್ತೋದಕ್ಕಿಂತ ಜಾಸ್ತಿ ಹೊತ್ತು ಬೇಕಾಯ್ತು. ವಯಸ್ಸಾಯ್ತಲ್ಲ."

ಡೆಲ್ಲಾ ಅವರ ಮೊಣಕೈ ನೋಡಿದಳು. ಅಲ್ಲಿ ತರಚಿದ ಗಾಯ ಒಣಗಿತ್ತು. ನಿನ್ನೆಯೂ ಅದು ಅಲ್ಲೇ ಇದ್ದಿರಬೇಕು.

ಹಕ್ಕಿಯನ್ನು ತಮ್ಮ ಕೊಟ್ಟಿಗೆಯಲ್ಲಿ ಸಾಕಿ, ಪ್ಲೋವರ್‌ಗಳು ಹಾರಿ ದಕ್ಷಿಣಕ್ಕೆ ಹೋದಮೇಲೆ ದೂರ ಒಯ್ದು ಬಿಡುವುದಾಗಿ ಅವರು ಅಮ್ಮನಿಗೆ ಹೇಳಿದರು. ಕಂಬದ ವಿಷಯ ಯಾರೂ ಎತ್ತಲಿಲ್ಲ.

"ಕಂಬ ಇಲ್ಲದಿದ್ರೆ ಅದು ಬರ್ತಿರಲಿಲ್ವಾ?" ಎಂದು ಡೆಲ್ಲಾಳೇ ಕೇಳಿದಳು.

ಡ್ರೆಸ್ಕಿಯವರು ಬುಟ್ಟಿಯನ್ನು ಎತ್ತಿಕೊಂಡರು. "ಬರ್ತಿತ್ತು" ಎಂದರು. "ಕಂಬ ಇದ್ದಿದ್ದಕ್ಕೆ ಅದಕ್ಕೆ ಸುಲಭ ಆಯ್ತು. ಇನ್ನೊಂದು ಬಂದ್ರೆ ಅದಕ್ಕೂ ಸುಲಭ."

*

ಭಾನುವಾರ ಪೂಜೆ ಮುಗಿದ ಮೇಲೆ ಬುಶಾ ಕಪ್ಪು ಕೋಟಿನಲ್ಲೇ ದಂಡೆಗೆ ಬಂದಳು. ಡೆಲ್ಲಾ ಅವಳಿಗೆ ಎಲ್ಲವನ್ನೂ ಹೇಳಿದ್ದಳು, ತುಪ್ಪಳ ಎಲ್ಲಿಂದ ಎಲ್ಲಿಗೆ ಬಿತ್ತು ಎಂಬುದನ್ನೂ ಬಿಡದೆ. ಬುಶಾ ಕೇಳಿ ಶಿಲುಬೆಯ ಗುರುತು ಹಾಕಿಕೊಂಡಿದ್ದಳು, ಅಷ್ಟೇ.

ಡ್ರೆಸ್ಕಿಯವರ ಕುರ್ಚಿಯ ಮೇಲೆ ಹತ್ತಿ ಡೆಲ್ಲಾ ಸಂತ ಫ್ರಾನ್ಸಿಸರನ್ನು ಗೂಡಿನಿಂದ ತೆಗೆದು ಬುಶಾಳ ಕೈಗೆ ಕೊಟ್ಟಳು. ಮಾಡಿನ ಅಂಚಿನಿಂದ ತೊಟ್ಟಿಕ್ಕಿದ ಡೇಗೆಯ ಹಿಕ್ಕೆಯಿಂದ ಅವರ ತಲೆ, ಭುಜ ಬೆಳ್ಳಗಾಗಿತ್ತು. ಬುಶಾ ಕರವಸ್ತ್ರಕ್ಕೆ ಉಗುಳು ಹಚ್ಚಿ, ಮಗುವಿನ ಮುಖ ಒರೆಸಿದ ಹಾಗೆ ಒರೆಸಿದಳು. ಒಂದೆರಡು ಸಲ ಒರೆಸಿ ನಿಲ್ಲಿಸಿದಳು. ಅವಳ ಹೆಬ್ಬೆರಳು ಸಂತರ ಅಂಗೈಯ ಮೇಲಿನ ಹಕ್ಕಿಯ ಮೇಲೆ ಬಹಳ ಹೊತ್ತು ಇತ್ತು.

"ಮುಖ ಮಾತ್ರ ಚೆನ್ನಾಗಿ ಬಂದಿದೆ" ಎಂದಳು. "ಅಡುಗೆಮನೆ ಕಿಟಕೀಲಿ ಇಡೋಣ."

ಅಮ್ಮ ಮತ್ತು ಡ್ರೆಸ್ಕಿಯವರು ಬುಡ ಅಗೆದು, ಕಂಬವನ್ನು ಅತ್ತಿತ್ತ ತೂಗಿಸಿ ಎಳೆದರು. ಕೊನೆಗೆ ಡೆಲ್ಲಾಳೂ ಕೈ ಹಾಕಿದಳು. ಅದು ಮೆಲ್ಲಗೆ ಎದ್ದು ಬಂತು. ಅವರಿಬ್ಬರೂ ಅದನ್ನು ಹೆಗಲಿಗೇರಿಸಿ ಪಿಕಪ್‌ನ ಕಡೆ ಹೊತ್ತು ನಡೆದರು, ಬುಶಾ ಸಂತರನ್ನು ಎದೆಗೊತ್ತಿಕೊಂಡು ಹಿಂದೆ ಹೋದಳು. ಹೊರಡುವ ಮೊದಲು ಡ್ರೆಸ್ಕಿಯವರು ಕಿತ್ತಳೆ ಬಣ್ಣದ ಉಂಗುರವನ್ನು ಡೆಲ್ಲಾಳ ಕೈಗೆ ಕೊಟ್ಟಿದ್ದರು. ಇಲಾಖೆಯವರಿಗೆ ಕೊಡಬೇಕು, ಆಫೀಸರಮ್ಮನೇ ಕೊಡಲಿ ಎಂದಿದ್ದರು.

ಕಂಬವಿದ್ದಲ್ಲಿ ಈಗ ಗುಂಡಿ ಇತ್ತು. ಇಣುಕಿ ನೋಡಿದರೆ ತಳದಲ್ಲಿ ಜಾಜಾ ಇಟ್ಟಿದ್ದ ಮೂರು ಚಪ್ಪಟೆ ಕಲ್ಲುಗಳು ಕಂಡವು, ಕಂಬ ಕುಸಿಯದಿರಲಿ ಎಂದು ಒಂದರ ಮೇಲೊಂದು ಜೋಡಿಸಿದವು.

ಡೆಲ್ಲಾ ಉಂಗುರವನ್ನು ಜೇಬಿಗೆ ಹಾಕಿಕೊಂಡು, ಮಂಡಿಯೂರಿ, ಎರಡೂ ಕೈಯಿಂದ ಮರಳು ತುಂಬತೊಡಗಿದಳು. ಅಮ್ಮ ಗಾಡಿಯ ಹತ್ತಿರದಿಂದ ಕರೆದಳು. ಅವಳು ಬರುತ್ತೇನೆ ಎನ್ನುತ್ತಲೇ ತುಂಬಿದಳು. ತುಂಬಿದ ಮೇಲೆ ತಟ್ಟಿದಳು. ಅಲ್ಲಿ ಇಲ್ಲಿ ತಗ್ಗು ಉಳಿದಿತ್ತು. ಕೆಡಿಸಿ ಮತ್ತೆ ಸರಿಮಾಡಿದಳು. ಎರಡನೆಯ ಸಲವೂ ಸರಿ ಕಾಣಲಿಲ್ಲ. ಮತ್ತೆ ಕೆಡಿಸಿದಳು.

ಆಮೇಲೆ ಹಿಂದೆ ಸರಿದು ಹುಲ್ಲಿನಲ್ಲಿ ಬೋರಲು ಮಲಗಿ ಬೈನಾಕ್ಯುಲರನ್ನು ಕಣ್ಣಿಗಿಟ್ಟುಕೊಂಡಳು.

ಮೆಣಸು ನೀರಿನಂಚಿನಿಂದ ಹೊರಟು, ಓಡಿ, ನಿಂತು, ಮತ್ತೆ ಓಡಿತು. ಕಂಬವಿದ್ದ ಜಾಗದ ಮೇಲೆಯೇ ಹಾದು ಹೋಯಿತು. ಅಲ್ಲಿ ಅದರ ಕಾಲು ಎಲ್ಲೂ ತೊಡರಲಿಲ್ಲ.

"ಎಷ್ಟು?" ಎಂದು ಅಮ್ಮ ದೂರದಿಂದ ಕೂಗಿ ಕೇಳಿದಳು.

ಡೆಲ್ಲಾ ಇನ್ನೊಂದು ಸಲ ಎಣಿಸಿದಳು. ಆಮೇಲೆ ಒಂದು ಬೆರಳನ್ನು ಮೇಲೆತ್ತಿ ತೋರಿಸಿದಳು.